ಕಾರ್ಡ್ ಬಂತು, ತೊಟ್ಟೆ ಹೋಗಲಿಲ್ಲ

ಕುಂದಾಪುರದಿಂದ ಮಣಿಪಾಲದ ಕಡೆ ಹೊರಡುವ ಬೆಳಗಿನ ಬಸ್ಸುಗಳಲ್ಲಿ ಆಸ್ಪತ್ರೆಗೆ ಹೊರಟವರು ಯಾರೆಂದು ಕೇಳಿ ತಿಳಿಯಬೇಕಿಲ್ಲ. ಅವರ ಮಡಿಲಲ್ಲಿ ಒಂದು ತೊಟ್ಟೆ ಇರುತ್ತದೆ. ಜವಳಿ ಅಂಗಡಿಯದ್ದೋ ಬೇಕರಿಯದ್ದೋ ಹೆಸರಿರುವ ಪ್ಲಾಸ್ಟಿಕ್ ತೊಟ್ಟೆ. ಅದರೊಳಗೆ ಎರಡು ಮೂರು ವರ್ಷದ ರಕ್ತಪರೀಕ್ಷೆಯ ಚೀಟಿಗಳು, ಮಡಚಿ ಮಡಚಿ ಗೆರೆ ಬಿದ್ದ ಡಿಸ್ಚಾರ್ಜ್ ಸಮರಿ, ಅಕ್ಷರ ಮಾಸಿದ ಇಸಿಜಿ, ಹೊರಗೆ ಇಣುಕುವ ಎಕ್ಸ್‌ರೇ ಕವರು. "ಯಾವ ಮಾತ್ರೆ ತಗೊಳ್ತಾ ಇದ್ದೀರಿ?" ಎಂದು ಡಾಕ್ಟರು ಕೇಳಿದರೆ ತೋರಿಸಲು ಖಾಲಿಯಾದ ಮಾತ್ರೆಯ ಹಾಳೆಗಳು. ಇದರಲ್ಲಿ ಒಂದು ಚೀಟಿ ಮನೆಯ ಕಪಾಟಿನಲ್ಲಿ ಉಳಿದುಬಿಟ್ಟರೆ ಮತ್ತೆ ರಕ್ತ ಕೊಡಬೇಕು, ಮತ್ತೆ ದುಡ್ಡು ಕೊಡಬೇಕು, ಮತ್ತೆ ಒಂದು ದಿನದ ಕೂಲಿ ಬಿಡಬೇಕು.

ಈಗ ಅವರ ಹತ್ತಿರ ಒಂದು ಕಾರ್ಡೂ ಇದೆ. 14 ಅಂಕಿಗಳ ಆಭಾ ಸಂಖ್ಯೆ ಇರುವ ಕಾರ್ಡು. ಶಿಬಿರಗಳಲ್ಲಿ, ಕ್ಯಾಂಪುಗಳಲ್ಲಿ, ಆಸ್ಪತ್ರೆಯ ಕೌಂಟರಿನಲ್ಲಿ ಮಾಡಿಸಿಕೊಟ್ಟದ್ದು. ನಿಮ್ಮ ಎಲ್ಲ ವೈದ್ಯಕೀಯ ದಾಖಲೆಗಳೂ ಇನ್ನು ಒಂದೇ ಕಡೆ ಸಿಗುತ್ತವೆ, ಫೈಲು ಹೊರಬೇಕಾಗಿಲ್ಲ ಎಂಬುದು ಈ ಯೋಜನೆಯ ಮಾತು. ಕಾರ್ಡ್ ಬಂತು. ತೊಟ್ಟೆ ಹೋಗಲಿಲ್ಲ. ನಮ್ಮ ತಕರಾರು ಇಲ್ಲಿಂದಲೇ ಶುರು.

ಮೊದಲೇ ಹೇಳಿಬಿಡುತ್ತೇವೆ, ನಾವು ಕಂಪ್ಯೂಟರಿನ ವಿರೋಧಿಗಳಲ್ಲ. ಆಸ್ಪತ್ರೆಯಿಂದ ಆಸ್ಪತ್ರೆಗೆ ರೋಗಿಯ ದಾಖಲೆ ಹೋಗಬೇಕು, ಬೇಗ ಹೋಗಬೇಕು ಎಂಬುದು ನಮ್ಮದೇ ಬೇಡಿಕೆ. ಆದರೆ ಎಷ್ಟು ಕಾರ್ಡ್ ಮಾಡಿದೆವು ಎಂಬ ಲೆಕ್ಕವನ್ನು ತೋರಿಸಿ ದಾಖಲೆ ಓಡಾಡುತ್ತಿದೆ ಎಂದು ನಂಬಿಸುವುದನ್ನು ನಾವು ಒಪ್ಪುವುದಿಲ್ಲ.

ಲೆಕ್ಕ ಯಾವುದರದ್ದು?

2020ರ ಆಗಸ್ಟ್ 15ರಂದು ಕೆಂಪುಕೋಟೆಯಲ್ಲಿ ಘೋಷಣೆಯಾಗಿ, ಮೊದಲು ಕೇಂದ್ರಾಡಳಿತ ಪ್ರದೇಶಗಳಲ್ಲಿ ಪ್ರಯೋಗ ನಡೆದು, 2021ರ ಸೆಪ್ಟೆಂಬರ್ 27ರಂದು ಇಡೀ ದೇಶಕ್ಕೆ ಬಂದದ್ದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್. ಅದಕ್ಕೂ ಮೊದಲೇ, ಕೋವಿಡ್ ಲಸಿಕೆಗೆ ಆಧಾರ್ ತೋರಿಸಿದವರ ಪ್ರಮಾಣಪತ್ರದ ಮೇಲೆ ಒಂದು ಆರೋಗ್ಯ ಗುರುತಿನ ಸಂಖ್ಯೆ ಕಾಣಿಸಿಕೊಂಡಿತ್ತು. ಅದು ಏನು, ಯಾಕೆ ಎಂದು ಲಸಿಕೆಯ ಸಾಲಿನಲ್ಲಿ ನಿಂತವರಿಗೆ ಯಾರೂ ಹೇಳಿರಲಿಲ್ಲ. ಹೀಗೆ ಶುರುವಾದ ಖಾತೆಗಳು 2025ರ ಹೊತ್ತಿಗೆ 70 ಕೋಟಿ ದಾಟಿದವು. ಆದರೆ ಆ ಖಾತೆಗಳಿಗೆ ಜೋಡಣೆಯಾದ ಆರೋಗ್ಯ ದಾಖಲೆಗಳ ಸಂಖ್ಯೆ 2025ರ ಆರಂಭದಲ್ಲಿ ಇನ್ನೂ 50 ಕೋಟಿಯ ಒಳಗೇ ಇತ್ತು. ಅಂದರೆ ತಲೆಗೊಂದು ಚೀಟಿಯೂ ಇಲ್ಲ. ಎರಡು ಮೂರು ಕಾಯಿಲೆ ಇರುವ ಒಬ್ಬ ಅಜ್ಜಿಯ ತೊಟ್ಟೆಯಲ್ಲೇ ಇಪ್ಪತ್ತು ಚೀಟಿ ಇರುತ್ತವೆ. ಜೋಡಣೆಯಾದ ದಾಖಲೆ ಎಂದ ಮಾತ್ರಕ್ಕೆ ಅದನ್ನು ಬೇರೆ ಆಸ್ಪತ್ರೆಯ ಡಾಕ್ಟರು ತೆರೆದು ಓದಿದರು ಎಂದೂ ಅಲ್ಲ. ಅಂಚೆ ಡಬ್ಬಿಗೆ ಹಾಕಿದ ಕಾಗದವನ್ನೆಲ್ಲ ತಲುಪಿದ ಕಾಗದ ಎಂದು ಲೆಕ್ಕ ಹಾಕಿದ ಹಾಗೆ ಇದು.

ಇದರ ಜೊತೆ ಇನ್ನೊಂದು ಗೊಂದಲ. ನಮ್ಮ ಊರುಗಳಲ್ಲಿ "ಆಯುಷ್ಮಾನ್ ಕಾರ್ಡ್" ಎಂದರೆ ಚಿಕಿತ್ಸೆಯ ಖರ್ಚು ಕೊಡುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕಾರ್ಡು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಕೊಡುವುದು ಅದು. ಆಭಾ ಒಂದು ಪೈಸೆಯನ್ನೂ ಕೊಡುವುದಿಲ್ಲ, ಅದು ದಾಖಲೆಯ ಸಂಖ್ಯೆ ಮಾತ್ರ. ಎರಡೂ ಕಾರ್ಡಿನ ಹೆಸರು, ಬಣ್ಣ, ಮುದ್ರೆ ಒಂದೇ ಥರ ಕಾಣುವುದರಿಂದ, ಆಭಾ ಮಾಡಿಸಿಕೊಂಡವರು ಖರ್ಚಿನ ಚಿಂತೆ ಮುಗಿಯಿತು ಎಂದುಕೊಂಡು ಮನೆಗೆ ಹೋಗುತ್ತಾರೆ. ಇದನ್ನು ಶಿಬಿರದಲ್ಲೇ ಕನ್ನಡದಲ್ಲಿ ಬಿಡಿಸಿ ಹೇಳಲು ಐದು ನಿಮಿಷ ಸಾಕು. ಆ ಐದು ನಿಮಿಷ ಫೋಟೋಕ್ಕೆ ಹೋಗುತ್ತದೆ.

ದಾಖಲೆ ಓಡುತ್ತದೆ, ಆದರೆ ಎಲ್ಲಿಗೆ?

"ಬೇರೆ ಬೇರೆ ಆಸ್ಪತ್ರೆಯ ಸಾಫ್ಟ್‌ವೇರ್ ಬೇರೆ ಬೇರೆ, ಒಂದರ ಭಾಷೆ ಇನ್ನೊಂದಕ್ಕೆ ತಿಳಿಯುವುದಿಲ್ಲ, ಹಾಗಾಗಿ ತಡವಾಗುತ್ತದೆ" ಎಂಬ ಉತ್ತರ ಸಿದ್ಧವಿದೆ. ಇದರಲ್ಲಿ ಸತ್ಯವೂ ಇದೆ. ಸರ್ಕಾರಿ ಆಸ್ಪತ್ರೆಗಳ ಇ-ಹಾಸ್ಪಿಟಲ್ ತಂತ್ರಾಂಶ ಒಂದು, ದೊಡ್ಡ ಖಾಸಗಿ ಆಸ್ಪತ್ರೆಗಳದ್ದು ಅವರದ್ದೇ, ಪೇಟೆಯ ಲ್ಯಾಬಿನದ್ದು ಮತ್ತೊಂದು, ಸಣ್ಣ ಕ್ಲಿನಿಕ್ಕಿನಲ್ಲಿ ಬರೀ ಚೀಟಿ ಪುಸ್ತಕ. ಒಂದೇ ಶುಗರ್ ಪರೀಕ್ಷೆಯನ್ನು ಒಬ್ಬರು ಎಫ್‌ಬಿಎಸ್ ಎಂದು ಬರೆಯುತ್ತಾರೆ, ಇನ್ನೊಬ್ಬರು ಫಾಸ್ಟಿಂಗ್ ಗ್ಲೂಕೋಸ್ ಎನ್ನುತ್ತಾರೆ. ಉಡುಪಿಯ ಬೂತಾಯಿ ಕೇರಳದಲ್ಲಿ ಮತ್ತಿ ಆಗುವ ಹಾಗೆ. ಮೀನು ಮಾರುವವರಿಗೆ ಎರಡೂ ಒಂದೇ ಎಂದು ನೋಡಿದ ಕೂಡಲೇ ಗೊತ್ತು. ಯಂತ್ರಕ್ಕೆ ಹೇಳಿಕೊಡಬೇಕು. ಅದಕ್ಕಾಗಿಯೇ ಎಲ್ಲರಿಗೂ ಒಂದೇ ನಮೂನೆ, ಒಂದೇ ಸಂಕೇತ ಇರಬೇಕೆಂದು ಕೇಂದ್ರ ಆರೋಗ್ಯ ಇಲಾಖೆ 2013ರಲ್ಲೇ ಮಾನದಂಡ ತಂದಿತು, 2016ರಲ್ಲಿ ಪರಿಷ್ಕರಿಸಿತು. ಡಿಜಿಟಲ್ ಮಿಷನ್ ಇಂದು ಬಳಸುವ ಎಫ್‌ಎಚ್‌ಐಆರ್ ಎಂಬ ನಮೂನೆ ಪ್ರಪಂಚದ ಹಲವು ದೇಶಗಳು ಬಳಸುವಂಥದ್ದೇ. ಮಾನದಂಡ ಬಂದು ಹತ್ತು ವರ್ಷ ಮೀರಿತು. ಇನ್ನೂ ತಂತ್ರಜ್ಞಾನದ ಮೇಲೆ ದೂರು ಹೇಳುವುದು ಎಷ್ಟು ಸರಿ?

ಯಾಕೆಂದರೆ ದಾಖಲೆ ಓಡದೇ ಏನಿಲ್ಲ. ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಖಾಸಗಿ ಆಸ್ಪತ್ರೆಗೆ ಸೇರಿದ ರೋಗಿಯ ಚಿಕಿತ್ಸೆಗೆ ಅನುಮತಿ ಬೇಕೆಂದರೆ ಪರೀಕ್ಷೆಯ ವರದಿಗಳು ಆನ್‌ಲೈನ್‌ನಲ್ಲೇ ಬೆಂಗಳೂರಿನ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೆ ಹೋಗುತ್ತವೆ. ಡಿಸ್ಚಾರ್ಜ್ ಆದ ಮೇಲೆ ಬಿಲ್ಲು ಪಾಸಾಗಬೇಕಾದರೆ ಮತ್ತೆ ದಾಖಲೆಗಳು ಹೋಗುತ್ತವೆ. ಖಾಸಗಿ ವಿಮೆಯಲ್ಲೂ ಅಷ್ಟೇ. ಕ್ಯಾಶ್‌ಲೆಸ್ ಎಂದ ಕೂಡಲೇ ರೋಗಿಯ ಪೂರ್ವಾಪರವೆಲ್ಲ ವಿಮಾ ಕಂಪನಿಯ ಮೇಜಿನ ಮೇಲೆ. ಅಲ್ಲಿ ಸಾಫ್ಟ್‌ವೇರ್ ಅಡ್ಡ ಬರುವುದಿಲ್ಲ, ನೆಟ್‌ವರ್ಕ್ ಅಡ್ಡ ಬರುವುದಿಲ್ಲ, ಸಿಬ್ಬಂದಿ ಇಲ್ಲ ಎಂಬ ಮಾತಿಲ್ಲ. ಆದರೆ ಅದೇ ಡಿಸ್ಚಾರ್ಜ್ ಸಮರಿಯನ್ನು, ಆ ರೋಗಿಯನ್ನು ಮುಂದೆ ನೋಡಿಕೊಳ್ಳಬೇಕಾದ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮುಟ್ಟಿಸುವುದು ಯಾರ ಕೆಲಸವೂ ಅಲ್ಲ. ಹಣ ಬರುವ ದಿಕ್ಕಿಗೆ ದಾಖಲೆ ಓಡುತ್ತದೆ. ರೋಗಿ ಹೋಗುವ ದಿಕ್ಕಿಗೆ ಓಡುವುದಿಲ್ಲ. ಇದಕ್ಕೆ ತಾಂತ್ರಿಕ ಅಡಚಣೆ ಎಂಬ ಹೆಸರು ಸಲ್ಲದು. ಯಾರ ಅಗತ್ಯ ಮೊದಲು ಎಂಬ ತೀರ್ಮಾನ ಇದು.

ಹೋಗುವ ದಾರಿ, ಬರುವ ದಾರಿ

ನಮ್ಮ ಮೂರು ತಾಲೂಕುಗಳ ಭೂಗೋಳ ನೋಡಿದರೆ ಇದು ಯಾಕೆ ಪ್ರಾಣದ ಪ್ರಶ್ನೆ ಎಂದು ಗೊತ್ತಾಗುತ್ತದೆ. ಬ್ರಹ್ಮಾವರದವರಿಗೆ ಉಡುಪಿ, ಮಣಿಪಾಲ ಹತ್ತಿರ. ಕುಂದಾಪುರಕ್ಕೆ 40 ಕಿಲೋಮೀಟರ್ ಆಸುಪಾಸು. ಬೈಂದೂರು, ಶಿರೂರಿನವರಿಗೆ 70 ಮತ್ತು ಅದಕ್ಕೂ ಮೇಲೆ. ಶಿರೂರು ದಾಟಿದರೆ ಉತ್ತರ ಕನ್ನಡದ ಭಟ್ಕಳ. ಸಿದ್ದಾಪುರದ ಮೇಲೆ ಬಾಳೆಬರೆ ಘಾಟಿ ಹತ್ತಿದರೆ ಶಿವಮೊಗ್ಗ ಜಿಲ್ಲೆ. ಘಟ್ಟದ ಮೇಲಿನವರು ಮಂಗನ ಕಾಯಿಲೆ ಜೋರಾದಾಗ ಇಳಿದು ಬರುವುದು ಮಣಿಪಾಲಕ್ಕೇ. 2019ರಲ್ಲಿ ಸಾಗರದ ಕಡೆಯ ಎಷ್ಟೋ ರೋಗಿಗಳಿಗೆ ಚಿಕಿತ್ಸೆ ನಡೆದದ್ದು ಅಲ್ಲಿ. ಗಂಗೊಳ್ಳಿಯ ಬೋಟಿನಲ್ಲಿ ದುಡಿಯುವವರು ಬೇರೆ ಬೇರೆ ಊರಿನವರು. ನಮ್ಮವರೋ ಮುಂಬೈ, ಬೆಂಗಳೂರಿನ ಹೋಟೆಲುಗಳಲ್ಲಿ. ಇಲ್ಲಿ ಒಬ್ಬ ರೋಗಿಯ ಕಥೆ ಒಂದು ಆಸ್ಪತ್ರೆಯಲ್ಲಿ, ಒಂದು ತಾಲೂಕಿನಲ್ಲಿ, ಒಂದು ಜಿಲ್ಲೆಯಲ್ಲಿ ಮುಗಿಯುವುದೇ ಇಲ್ಲ.

ಒಂದು ಉದಾಹರಣೆ ಕಟ್ಟಿ ನೋಡೋಣ. ಬೈಂದೂರು ಕಡೆಯ ಒಬ್ಬ ಮೀನುಗಾರ, ವಯಸ್ಸು ಐವತ್ತೈದು, ಶುಗರ್ ಇದೆ. ಎದೆನೋವು ಬಂದು ಊರಿನ ಆಸ್ಪತ್ರೆಗೆ, ಅಲ್ಲಿಂದ 108ರಲ್ಲಿ ಕುಂದಾಪುರ ದಾಟಿ ಮಣಿಪಾಲಕ್ಕೆ. ಹೋಗುವ ದಾರಿಯಲ್ಲಿ ಯಾವ ಇಂಜೆಕ್ಷನ್ ಕೊಟ್ಟಿದ್ದಾರೆ, ಎಷ್ಟು ಗಂಟೆಗೆ ಕೊಟ್ಟಿದ್ದಾರೆ ಎಂಬುದು ಒಂದು ಚೀಟಿಯಲ್ಲಿದೆ. ಆ ಚೀಟಿ ಗಾಬರಿಯಲ್ಲಿರುವ ಹೆಂಡತಿಯ ಕೈಯಲ್ಲಿದೆ. ಸ್ಟೆಂಟ್ ಹಾಕಿ ಕಳಿಸಿದರು ಎಂದುಕೊಳ್ಳಿ. ಈಗ ಬರುವ ದಾರಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ತಿಂಗಳುಗಟ್ಟಲೆ ನಿಲ್ಲಿಸುವ ಹಾಗಿಲ್ಲ. ನಿಲ್ಲಿಸಿದರೆ ಸ್ಟೆಂಟೇ ಕಟ್ಟಿಕೊಳ್ಳುವ ಅಪಾಯ. ನಾಲ್ಕು ತಿಂಗಳ ಮೇಲೆ ಹಲ್ಲುನೋವು ಎಂದು ಪೇಟೆಯ ಕ್ಲಿನಿಕ್ಕಿಗೆ ಹೋದಾಗ ಅಲ್ಲಿಯ ಡಾಕ್ಟರಿಗೆ ಇದು ಗೊತ್ತಾಗುವುದು ಹೇಗೆ? ಕಿಡ್ನಿ ಸೋತಿದೆ ಎಂದು ದೊಡ್ಡ ಆಸ್ಪತ್ರೆಯಲ್ಲಿ ಬರೆದದ್ದು ಗೊತ್ತಿಲ್ಲದೆ ಬೆನ್ನುನೋವಿಗೆ ನೋವಿನ ಇಂಜೆಕ್ಷನ್ ಚುಚ್ಚಿದರೆ ಯಾರನ್ನು ಕೇಳುವುದು? "ನೀವು ಫೈಲ್ ತರಬೇಕಿತ್ತು ಮಾರಾಯ್ರೆ" ಎಂದು ರೋಗಿಗೇ ಬೈಯುವುದು ನಮ್ಮಲ್ಲಿ ರೂಢಿ. ವ್ಯವಸ್ಥೆ ಮಾಡಬೇಕಾದ ಕೆಲಸವನ್ನು ರೋಗಿಯ ನೆನಪಿನ ಮೇಲೆ ಹೊರಿಸಿ, ನೆನಪು ಕೈಕೊಟ್ಟಾಗ ಅವರನ್ನೇ ತಪ್ಪಿತಸ್ಥರನ್ನಾಗಿ ಮಾಡುವುದು ಇದು.

ಮಾಡಲಿಕ್ಕೆ ಆಗುವುದಿಲ್ಲ ಎನ್ನುವವರಿಗೆ ಎರಡು ಸಂಗತಿ ನೆನಪಿಸುತ್ತೇವೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಎಂಬ ವಾಟ್ಸ್‌ಆ್ಯಪ್ ಗುಂಪು ಕಟ್ಟಿದರು. ದಾನಿಗಳ ನೆರವಿನಿಂದ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿದರು. ಹಳ್ಳಿಯ ಡಾಕ್ಟರು ಇಸಿಜಿಯ ಫೋಟೋ ಹಾಕಿದರೆ ತಜ್ಞರು ನೋಡಿ ಹೇಳುವ ವ್ಯವಸ್ಥೆ. ರೋಗಿಗಿಂತ ಮೊದಲು ಅವನ ದಾಖಲೆ ತಜ್ಞರ ಕೈ ಸೇರಿತು. ಆಮೇಲೆ ರಾಜ್ಯ ಸರ್ಕಾರವೂ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರಿಗೆ ತೋರಿಸುವ ದಾರಿ ಹಿಡಿಯಿತು. ವಾಟ್ಸ್‌ಆ್ಯಪ್ ದಾಖಲೆ ಇಡುವ ಸರಿಯಾದ ಜಾಗ ಅಲ್ಲ, ನಿಜ. ಆದರೆ ಮನಸ್ಸು ಮಾಡಿದರೆ ನಿಮಿಷದಲ್ಲಿ ಆಗುವ ಕೆಲಸ ಇದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಎರಡನೆಯದು ಇನ್ನೂ ಹಳೆಯದು, ಕರೆಂಟೂ ಬೇಡದ್ದು: ತಾಯಿ ಕಾರ್ಡ್. ಬಸುರಿ ಹೆಂಗಸಿನ ತೂಕ, ರಕ್ತದ ಅಂಶ, ಬಿಪಿ, ಸ್ಕ್ಯಾನಿಂಗು, ಚುಚ್ಚುಮದ್ದು ಎಲ್ಲವೂ ಒಂದೇ ಪುಸ್ತಿಕೆಯಲ್ಲಿ. ಉಪಕೇಂದ್ರದ ಸಿಸ್ಟರ್ ಬರೆಯುತ್ತಾರೆ, ತಾಲೂಕು ಆಸ್ಪತ್ರೆಯ ಡಾಕ್ಟರು ಓದುತ್ತಾರೆ, ಖಾಸಗಿ ನರ್ಸಿಂಗ್ ಹೋಮಿನವರೂ ಓದುತ್ತಾರೆ. ಎಲ್ಲರಿಗೂ ಒಂದೇ ಅಂಕಣ, ದಾಖಲೆ ಯಾರದ್ದೋ ಅವರ ಕೈಯಲ್ಲೇ. ಬೇರೆ ಬೇರೆ ವ್ಯವಸ್ಥೆಗಳ ನಡುವೆ ದಾಖಲೆ ಹಂಚಿಕೊಳ್ಳುವುದು ಎಂದರೆ ಇದೇ. ಹೆರಿಗೆಗೆ ಸಾಧ್ಯವಾದದ್ದು ಶುಗರಿಗೆ, ಹೃದಯಕ್ಕೆ, ಕಿಡ್ನಿಗೆ ಯಾಕೆ ಸಾಧ್ಯವಾಗಲಿಲ್ಲ?

ಬರೆಯುವವರು ಯಾರು?

ಇನ್ನು ಈ ಎಲ್ಲ ಡಿಜಿಟಲ್ ಭಾರ ಯಾರ ತಲೆಯ ಮೇಲೆ ಬಿದ್ದಿದೆ ನೋಡಿ. ತಾಯಿ ಮಗುವಿಗೆ ಆರ್‌ಸಿಎಚ್ ಪೋರ್ಟಲ್, ಕ್ಷಯಕ್ಕೆ ನಿಕ್ಷಯ್, ಲಸಿಕೆಗೆ ಯು-ವಿನ್, ಬಿಪಿ ಶುಗರಿಗೆ ಎನ್‌ಸಿಡಿ ಪೋರ್ಟಲ್, ಸಾಂಕ್ರಾಮಿಕ ರೋಗಕ್ಕೆ ಇನ್ನೊಂದು, ತಿಂಗಳ ಲೆಕ್ಕಕ್ಕೆ ಮತ್ತೊಂದು. ಒಂದೇ ಹೆಂಗಸಿನ ಅದೇ ಹೆಸರು, ಅದೇ ವಯಸ್ಸು, ಅದೇ ಫೋನ್ ನಂಬರನ್ನು ಒಂದೊಂದರಲ್ಲೂ ಮತ್ತೆ ಮತ್ತೆ ಒತ್ತಬೇಕು. ಆಮೇಲೆ ರಿಜಿಸ್ಟರಿನಲ್ಲೂ ಬರೆಯಬೇಕು. ಸರ್ಕಾರದ ಈ ಪೋರ್ಟಲ್‌ಗಳೇ ಒಂದರೊಡನೊಂದು ಸರಿಯಾಗಿ ಮಾತಾಡದಿದ್ದರೆ ಖಾಸಗಿಯವರಿಗೆ ಬುದ್ಧಿ ಹೇಳುವುದು ಯಾವ ಬಾಯಲ್ಲಿ? ಪ್ರೋತ್ಸಾಹಧನವನ್ನು ಪೋರ್ಟಲಿಗೆ ಕಟ್ಟಿಹಾಕಿದ್ದರಿಂದ ಮಾಡಿದ ಕೆಲಸದ ದುಡ್ಡೂ ಕೈ ತಪ್ಪುತ್ತಿದೆ, ಆ ಜೋಡಣೆ ತೆಗೆಯಿರಿ ಎಂಬುದು ಕರ್ನಾಟಕದ ಆಶಾ ಕಾರ್ಯಕರ್ತೆಯರು ಬೀದಿಗಿಳಿದು ಕೇಳಿದ ಬೇಡಿಕೆಗಳಲ್ಲಿ ಒಂದು. ಪೋರ್ಟಲಿನಲ್ಲಿ ಕಾಣದಿದ್ದರೆ ಕೆಲಸವೇ ಆಗಿಲ್ಲ ಎನ್ನುವ ಲೆಕ್ಕ ಅದು.

ಹೊರರೋಗಿಗಳ ಸಾಲು ಬಾಗಿಲಾಚೆ ಬೆಳೆದಿರುವಾಗ ಡಾಕ್ಟರು ತಲೆ ಎತ್ತದೆ ಕಂಪ್ಯೂಟರಿಗೆ ಟೈಪು ಮಾಡಲಿ ಎಂದು ನಾವು ಹೇಳುತ್ತಿಲ್ಲ. ಬರೆಯುವ ಕೆಲಸಕ್ಕೆ ಜನ ಕೊಡದೆ ಬರವಣಿಗೆ ಮಾತ್ರ ಹೆಚ್ಚಿಸಿದರೆ ಸುಳ್ಳು ದಾಖಲೆ ಹುಟ್ಟುತ್ತದೆ. ಸುಳ್ಳು ದಾಖಲೆ ಬೇಗ ಓಡಾಡಿದರೆ, ದಾಖಲೆಯೇ ಇಲ್ಲದ್ದಕ್ಕಿಂತ ಕೆಡುಕು.

ಒಟಿಪಿ ಒಪ್ಪಿಗೆಯಲ್ಲ

ನಮ್ಮ ಇನ್ನೊಂದು ಜಗಳ ಇದರ ಎದುರು ತುದಿಯವರ ಜೊತೆ. ಎಲ್ಲವನ್ನೂ ಎಲ್ಲರಿಗೂ ತೆರೆದಿಡಿ, ಮುಚ್ಚಿಡುವುದಕ್ಕೆ ಏನಿದೆ ಎನ್ನುವವರೊಡನೆ. ಮುಚ್ಚಿಡುವುದಕ್ಕೆ ಬಹಳ ಇದೆ. ಸಣ್ಣ ಊರು ನಮ್ಮದು. ಆಸ್ಪತ್ರೆಯ ಕೌಂಟರಿನಲ್ಲಿ ಕೂತವರು ಯಾರದ್ದೋ ಭಾವ, ಯಾರದ್ದೋ ಅತ್ತಿಗೆ. ಕ್ಷಯ ಎಂದು ಸುದ್ದಿಯಾದರೆ ಮದುವೆ ಮುರಿಯುತ್ತದೆ. ಮಾನಸಿಕ ಕಾಯಿಲೆಯ ಮಾತ್ರೆ, ಗರ್ಭಪಾತ, ಎಚ್‌ಐವಿ, ಇದರಲ್ಲಿ ಯಾವುದೇ ಒಂದು ಹೊರಗೆ ಬಂದರೂ ಬದುಕು ಬೀದಿಗೆ. ಎಚ್‌ಐವಿ ಮಾಹಿತಿಯನ್ನು ಗುಟ್ಟಾಗಿಡಬೇಕೆಂದು 2017ರ ಕಾಯ್ದೆಯೇ ಹೇಳುತ್ತದೆ.

ಡಿಜಿಟಲ್ ಮಿಷನ್ನಿನ ನಿಯಮದಲ್ಲಿ ರೋಗಿಯ ಒಪ್ಪಿಗೆ ಇಲ್ಲದೆ ದಾಖಲೆ ಹೋಗುವ ಹಾಗಿಲ್ಲ. ಆಭಾ ಮಾಡಿಸಿಕೊಳ್ಳುವುದೂ ಕಡ್ಡಾಯವಲ್ಲ. ಕಾಗದದ ಮೇಲೆ ಇವೆರಡೂ ಒಳ್ಳೆಯ ನಿಯಮಗಳೇ. ಆದರೆ ನಮ್ಮ ಮನೆಗಳಲ್ಲಿ ಅಮ್ಮನ ಒಟಿಪಿ ಬರುವುದು ಬೆಂಗಳೂರಿನಲ್ಲಿರುವ ಮಗನ ಫೋನಿಗೆ, ಹೆಂಡತಿಯದ್ದು ಗಂಡನ ಫೋನಿಗೆ. "ಒಂದ್ ನಂಬರ್ ಬಂದಿತ್, ಹೇಳಿ" ಎಂದು ಕೌಂಟರಿನಿಂದ ಕೂಗಿದರೆ ಹೇಳಿಬಿಡುತ್ತೇವೆ. ಅದು ಯಾವ ದಾಖಲೆಗೆ, ಯಾರಿಗೆ, ಎಷ್ಟು ದಿನಕ್ಕೆ ಎಂದು ಹೇಳುವವರಿಲ್ಲ, ಕೇಳುವವರೂ ಇಲ್ಲ. ಆರು ಅಂಕಿ ಹೇಳುವುದನ್ನು ಒಪ್ಪಿಗೆ ಎಂದು ಕರೆಯುವುದು ಹೆಬ್ಬೆಟ್ಟು ಒತ್ತಿಸಿಕೊಂಡ ಹಳೇ ಸಾಲಪತ್ರಕ್ಕಿಂತ ಬೇರೆಯಲ್ಲ.

ಭಯಕ್ಕೆ ಕಾರಣಗಳೂ ಇವೆ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್‌ನ ಸರ್ವರುಗಳ ಮೇಲೆ ಸೈಬರ್ ದಾಳಿಯಾಗಿ, ಅಷ್ಟು ದೊಡ್ಡ ಆಸ್ಪತ್ರೆ ದಿನಗಟ್ಟಲೆ ಕೈಬರಹಕ್ಕೆ ಮರಳಬೇಕಾಯಿತು. 2023ರ ಜೂನ್‌ನಲ್ಲಿ ಕೋವಿನ್‌ನಲ್ಲಿ ನೋಂದಾಯಿಸಿದವರ ವಿವರಗಳು ಟೆಲಿಗ್ರಾಂ ಬಾಟ್ ಒಂದರಲ್ಲಿ ಸಿಗುತ್ತಿವೆ ಎಂಬ ಸುದ್ದಿ ದೇಶವೆಲ್ಲ ಹಬ್ಬಿತು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದದ್ದು 2023ರಲ್ಲಿ; ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ. ಅಷ್ಟರಲ್ಲಿ ಕೋಟಿಗಟ್ಟಲೆ ಖಾತೆಗಳು ತೆರೆದಾಗಿತ್ತು. ಬಾಗಿಲು ಇಡುವ ಮೊದಲೇ ಮನೆಗೆ ಸಾಮಾನು ತುಂಬಿದ ಹಾಗೆ. ಎಸ್ಟೋನಿಯಾ ಎಂಬ ಪುಟ್ಟ ದೇಶದಲ್ಲಿ 2008ರಿಂದ ಇಡೀ ದೇಶಕ್ಕೆ ಒಂದೇ ಆರೋಗ್ಯ ದಾಖಲೆ ವ್ಯವಸ್ಥೆ ಇದೆ. ಅಲ್ಲಿ ತನ್ನ ದಾಖಲೆಯನ್ನು ಯಾರು ತೆರೆದು ನೋಡಿದರು ಎಂದು ರೋಗಿಯೇ ನೋಡಬಹುದು. ನಮಗೆ ಬೇಕಾದದ್ದು ಅದು. ಹಂಚಿಕೆ ಬೇಡ ಎನ್ನುತ್ತಿಲ್ಲ, ಯಾರ ಜೊತೆ ಹಂಚಿದರು ಎಂದು ನಮಗೆ ಗೊತ್ತಾಗಬೇಕು ಎನ್ನುತ್ತಿದ್ದೇವೆ.

ನಾವು ಕೇಳುವುದು

ಇಡೀ ದೇಶ ಸರಿಯಾಗುವವರೆಗೆ ಕಾಯಬೇಕಿಲ್ಲ. ಮೂರು ತಾಲೂಕು, ಎರಡೇ ಎರಡು ಕಾಗದ, ಇಷ್ಟರಿಂದ ಶುರುಮಾಡಬಹುದು.

ಒಂದು, ಹೋಗುವ ಕಾಗದ. ಬೈಂದೂರು, ಕುಂದಾಪುರ, ಬ್ರಹ್ಮಾವರದ ಯಾವುದೇ ಸರ್ಕಾರಿ ಆಸ್ಪತ್ರೆಯಿಂದ ಮುಂದಕ್ಕೆ ಕಳಿಸುವ ರೋಗಿಯ ರೆಫರಲ್ ಚೀಟಿ, ಕೊಟ್ಟ ಔಷಧಿ ಮತ್ತು ಸಮಯದ ಸಮೇತ, ರೋಗಿ ತಲುಪುವ ಮೊದಲು ಆ ಆಸ್ಪತ್ರೆಯನ್ನು ತಲುಪಬೇಕು.

ಎರಡು, ಬರುವ ಕಾಗದ. ಡಿಸ್ಚಾರ್ಜ್ ಸಮರಿ ರೋಗಿ ಒಪ್ಪಿದರೆ ಅವರ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರಬೇಕು. ನಿಲ್ಲಿಸಬಾರದ ಮಾತ್ರೆ ಯಾವುದು, ಒಗ್ಗದ ಔಷಧಿ ಯಾವುದು ಎಂಬ ಎರಡು ಸಾಲು ಅದರಲ್ಲಿ ಕನ್ನಡದಲ್ಲಿರಬೇಕು.

ಮೂರು, ಸರ್ಕಾರದ ಯೋಜನೆಯಲ್ಲಿ ಹಣ ಪಡೆಯುವ ಖಾಸಗಿ ಆಸ್ಪತ್ರೆಗಳಿಗೆ ಇದು ಷರತ್ತಾಗಬೇಕು. ಬಿಲ್ಲಿಗಾಗಿ ಟ್ರಸ್ಟಿಗೆ ಕಳಿಸಿದ ಸಮರಿ ರೋಗಿಗೂ ಊರಿನ ಕೇಂದ್ರಕ್ಕೂ ತಲುಪಿದ್ದರೆ ಮಾತ್ರ ಬಿಲ್ಲು ಪಾಸಾಗಲಿ. ಎಷ್ಟು ಬೇಗ ಸಾಫ್ಟ್‌ವೇರ್ ಸರಿಹೋಗುತ್ತದೆ ನೋಡಿ.

ನಾಲ್ಕು, ಒಪ್ಪಿಗೆ ಕನ್ನಡದಲ್ಲಿ, ಓದಿ ಹೇಳಿ ತೆಗೆದುಕೊಳ್ಳುವಂತಾಗಲಿ. ಬೇಡ ಎಂದವರಿಗೂ ಆಭಾ ಇಲ್ಲದವರಿಗೂ ಅದೇ ಸಾಲಿನಲ್ಲಿ ಅದೇ ಚಿಕಿತ್ಸೆ ಸಿಗಲಿ.

ಐದು, ಬರೆಯುವ ಕೆಲಸಕ್ಕೆ ಸಂಬಳದ ಸಿಬ್ಬಂದಿ ಬೇಕು. ಆಶಾ ಕಾರ್ಯಕರ್ತೆಯ ಪ್ರೋತ್ಸಾಹಧನಕ್ಕೆ ಪೋರ್ಟಲ್ ಅಡ್ಡ ಬರಬಾರದು.

ಇಷ್ಟಾಗುವವರೆಗೆ ಕಾಗದದ ಹಕ್ಕನ್ನು ಬಿಡಬೇಡಿ. ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕು, ರೋಗಿಯೋ ಅವರ ಪರವಾಗಿ ಅಧಿಕಾರ ಇರುವವರೋ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯರ ನಡವಳಿಕೆಯ 2002ರ ನಿಯಮಾವಳಿ ಹೇಳುತ್ತದೆ. 2016ರ ಮಾನದಂಡವೂ ದಾಖಲೆಯೊಳಗಿನ ಮಾಹಿತಿ ರೋಗಿಯದ್ದು, ಆಸ್ಪತ್ರೆ ಅದನ್ನು ಅವರ ಪರವಾಗಿ ಕಾಯುವುದು ಮಾತ್ರ ಎನ್ನುತ್ತದೆ. "ಫೈಲ್ ಕೊಡಲಿಕ್ಕೆ ಆಗುವುದಿಲ್ಲ, ಅದು ಆಸ್ಪತ್ರೆಯದ್ದು" ಎಂದರೆ ಈ ಎರಡು ಮಾತು ಹೇಳಿ, ಅರ್ಜಿ ಬರೆದುಕೊಡಿ, ಅರ್ಜಿಯ ಪ್ರತಿಗೆ ಸಹಿ ಹಾಕಿಸಿಕೊಳ್ಳಿ.

ಮತ್ತೆ ನಮ್ಮಂತೆ ಸುದ್ದಿ ಬರೆಯುವ ಗೆಳೆಯರಿಗೆ ಒಂದು ಮಾತು. ಕಾರ್ಡ್ ವಿತರಣೆಯ ಫೋಟೋ ಮುಂದೆಯೂ ಬರುತ್ತದೆ, ಜೊತೆಗೆ ಒಂದು ಸಂಖ್ಯೆಯೂ ಬರುತ್ತದೆ. ಆ ಸಂಖ್ಯೆಯನ್ನು ಹಾಗೇ ಅಚ್ಚು ಹಾಕಬೇಡಿ. ಮುಂದಿನ ಕೆಡಿಪಿ ಸಭೆಯಲ್ಲಿ, ಗ್ರಾಮಸಭೆಯಲ್ಲಿ ತಾಲೂಕು ಆರೋಗ್ಯಾಧಿಕಾರಿಗಳನ್ನು ಕೇಳಿ: ಕಳೆದ ಮೂರು ತಿಂಗಳಲ್ಲಿ ಈ ತಾಲೂಕಿನಿಂದ ಎಷ್ಟು ಜನರನ್ನು ಮೇಲಿನ ಆಸ್ಪತ್ರೆಗೆ ಕಳಿಸಿದಿರಿ? ಅದರಲ್ಲಿ ಎಷ್ಟು ಜನರ ಡಿಸ್ಚಾರ್ಜ್ ಸಮರಿ ಇಲ್ಲಿಗೆ ವಾಪಸ್ಸು ಬಂತು?